ಯಾವ ಔಷಧವನ್ನು ಮೊದಲು ಅಳೆಯಬೇಕು?

ಶಿರಾಳಕೊಪ್ಪದಲ್ಲಿ ಬೆರಳ ತುದಿ ಚುಚ್ಚಿಸಿಕೊಂಡರೆ ನಿಮಿಷದೊಳಗೆ ರಕ್ತದ ಸಕ್ಕರೆ ಎಷ್ಟೆಂದು ತಿಳಿಯುತ್ತದೆ. ಅದೇ ಊರಿನವರು ಮುನ್ನೂರು ಕಿ.ಮೀ. ದಾಟಿ ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಕಿಮೋ ಹಾಕಿಸಿಕೊಂಡರೆ, ಔಷಧದ ಪ್ರಮಾಣ ಬಹುಮಟ್ಟಿಗೆ ಎತ್ತರ, ತೂಕದ ಲೆಕ್ಕದಲ್ಲೇ ನಿರ್ಧಾರವಾಗುತ್ತದೆ. ಎತ್ತರ, ತೂಕ ಒಂದೇ ಇದ್ದರೂ ಇಬ್ಬರ ಪಿತ್ತಜನಕಾಂಗ, ಮೂತ್ರಪಿಂಡಗಳು ಒಂದೇ ವೇಗದಲ್ಲಿ ಔಷಧವನ್ನು ಹೊರಹಾಕುವುದಿಲ್ಲ. ಹಾಗಾದರೆ ಸಕ್ಕರೆಯಂತೆ ರಕ್ತದಲ್ಲಿನ ಈ ಔಷಧವನ್ನೂ ಊರಲ್ಲೇ ಅಳೆಯಬಾರದೇಕೆ?

ದಾರಿಯೊಂದಿದೆ. ಡಿಎನ್‌ಎ ವಿದ್ಯುತ್ತಿಗೆ ಸ್ಪಂದಿಸುತ್ತದೆಂದು ಚೆಕ್ ವಿಜ್ಞಾನಿ ಎಮಿಲ್ ಪಾಲೆಚೆಕ್ 1960ರ ಸುಮಾರಿಗೇ ತೋರಿಸಿದ್ದರು. ಕಾರ್ಬನ್ ಎಲೆಕ್ಟ್ರೋಡಿನ ಮೇಲೆ ಡಿಎನ್‌ಎ ಅಂಟಿಸಿ ವೋಲ್ಟೇಜ್ ಏರಿಸಿದರೆ ಅದರೊಳಗಿನ ಗ್ವಾನಿನ್ ಎಂಬ ಘಟಕ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಡಾಕ್ಸೊರುಬಿಸಿನ್‌ನಂಥ ಕಿಮೋ ಔಷಧ ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ನುಸುಳಿ ಕೂತಾಗ ವಿದ್ಯುತ್ ಪ್ರವಾಹ ಇಳಿಯುತ್ತದೆ. ಎಷ್ಟು ಇಳಿಯಿತು ಎಂಬುದರಿಂದ ಔಷಧ ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ಗೆಡ್ಡೆಯ ಕೋಶವನ್ನು ಕೊಲ್ಲುವ ಹಿಡಿತವೇ ಇಲ್ಲಿ ತಕ್ಕಡಿ. ಇಷ್ಟು ಚಂದದ ಉಪಾಯ ರಸಾಯನಶಾಸ್ತ್ರದಲ್ಲಿ ಅಪರೂಪ ಎನಿಸುತ್ತದೆ ನನಗೆ. ನಮ್ಮದೇ ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ, ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡುಗಳ ಸಂಶೋಧನೆ ವರ್ಷಗಳಿಂದ ನಡೆದಿದೆ.

ಆದರೆ ಸಕ್ಕರೆಯ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ರಕ್ತದಲ್ಲಿ ಸಕ್ಕರೆ ಧಾರಾಳ. ಕಿಮೋ ಔಷಧ ಸಾಮಾನ್ಯವಾಗಿ ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಯೂರಿಕ್ ಆಮ್ಲ, ವಿಟಮಿನ್ ಸಿ ಕೂಡ ಎಲೆಕ್ಟ್ರಾನ್ ಕೊಟ್ಟು ಗದ್ದಲವೆಬ್ಬಿಸುತ್ತವೆ, ಪ್ರೋಟೀನು ಎಲೆಕ್ಟ್ರೋಡಿಗೆ ಮೆತ್ತಿಕೊಳ್ಳುತ್ತದೆ. ಮೂರು ಔಷಧ ಒಟ್ಟಿಗೆ ಕೊಟ್ಟಿದ್ದರೆ ಡಿಎನ್‌ಎಗೆ ಅಂಟಿದ್ದು ಯಾವುದೆಂದು ಹೇಳುವುದೇ ಕಷ್ಟ. ಶುದ್ಧ ದ್ರಾವಣದಲ್ಲಿ ಗೆದ್ದ ಇಂಥ ಸಂವೇದಕ ರಕ್ತದಲ್ಲೂ ಗೆದ್ದೀತೆಂದು ಹೇಳಲಾಗದು.

ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ: ಆ ಅಂಕಿ ಬಂದ ಮೇಲೆ ವೈದ್ಯರ ನಿರ್ಧಾರ ಬದಲಾಗುತ್ತದೆಯೇ? ಬದಲಾಗದಿದ್ದರೆ ಅದು ರೋಗಿಯ ಮೇಲೆ ಇನ್ನೊಂದು ಬಿಲ್ಲು, ಅಷ್ಟೇ. ಮೆಥೊಟ್ರೆಕ್ಸೇಟ್ ಎಂಬ ಕಿಮೋ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಖಂಡಿತ ಬದಲಾಗುತ್ತದೆ. 24, 48, 72 ಗಂಟೆಗೆ ರಕ್ತ ತೆಗೆದು, ಔಷಧ ಇಳಿಯುವವರೆಗೆ ಲ್ಯೂಕೊವೊರಿನ್ ಎಂಬ ಮದ್ದು ಕೊಟ್ಟು ದೇಹವನ್ನು ಕಾಯುತ್ತಾರೆ. ಆ ಪರೀಕ್ಷೆಯ ಯಂತ್ರ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲೇ ಇರುವುದರಿಂದ ಚಿಕಿತ್ಸೆಯೂ ಬಹುಮಟ್ಟಿಗೆ ಅಲ್ಲೇ ಉಳಿದಿದೆ. ಮೆಥೊಟ್ರೆಕ್ಸೇಟ್ ಹಿಡಿಯುವುದು ಡಿಎನ್‌ಎಯನ್ನಲ್ಲ, ಕಿಣ್ವವೊಂದನ್ನು; ಹಾಗಾಗಿ ಎಲೆಕ್ಟ್ರೋಡಿನ ಮೇಲಿನ ಗಾಳವನ್ನೂ ಬದಲಿಸಬೇಕಾದೀತು. ಬದಲಿಸಲಿ. ಡಿಎನ್‌ಎಯ ಚಂದಕ್ಕೆ ಮನಸೋತು ಅದಕ್ಕೆ ಹೊಂದುವ ಔಷಧ ಹುಡುಕುವ ಬದಲು, ಅಳೆಯದೆ ಕೊಡುವುದು ಅಪಾಯಕಾರಿಯಾದ ಔಷಧದಿಂದ ಕೆಲಸ ಶುರುವಾಗಲಿ. ಆಗ ಆ ಮೂರು ದಿನದ ಕಾವಲನ್ನು ಶಿವಮೊಗ್ಗದಲ್ಲೇ ಕಾಯಬಹುದು.