ಅಂಬಾಸಿಡರ್ ಮತ್ತು ಸ್ವಿಫ್ಟ್: ಒಂದು ತುಲನೆ

ಹಳೆಯದನ್ನು ಕಂಡೊಡನೆ ಕೈಮುಗಿಯುವುದೂ ಹೊಸದನ್ನು ಕಂಡೊಡನೆ ಬೆರಗಾಗುವುದೂ ಲೋಕದ ಸ್ವಭಾವ. ಈ ಭಾವಗಳು ವಿವೇಚನೆಯ ಸ್ಥಾನವನ್ನು ಆಕ್ರಮಿಸಿದಾಗ ಮಾತ್ರ ಅನರ್ಥಕ್ಕೆ ಎಡೆಯಾಗುತ್ತದೆ. ಭಾರತದ ರಸ್ತೆಗಳು ಕಂಡ ಎರಡು ಕಾರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಮನದಟ್ಟಾಗುತ್ತದೆ.

ಅಂಬಾಸಿಡರ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪು ಪಡೆದುದು. 1950ರ ದಶಕದ ಉತ್ತರಾರ್ಧದಿಂದ ಮೊದಲ್ಗೊಂಡು 2014ರವರೆಗೆ ಅದು ತಯಾರಾಗುತ್ತಿತ್ತು. ದುಂಡನೆಯ ಮೈ, ಉದ್ದನೆಯ ಆಸನ, ಹಿಂಬದಿಯಲ್ಲಿ ಎತ್ತಿನ ಗಾಡಿಯ ದಾರಿಯನ್ನೂ ತಾಳಿಕೊಳ್ಳುವ ಪಟ್ಟಿ ಸ್ಪ್ರಿಂಗುಗಳು. ಪೇಟ ಸುತ್ತಿದ ಹಿರಿಯರು ತಲೆಬಾಗದೆ ಕುಳಿತುಕೊಳ್ಳಬಹುದಾಗಿತ್ತು. ದಾರಿಯಲ್ಲಿ ಕೆಟ್ಟು ನಿಂತರೆ ಹಳ್ಳಿಯ ಮೆಕಾನಿಕ್ಕನೇ ಸ್ಪ್ಯಾನರ್ ಹಿಡಿದು ಸರಿಪಡಿಸಬಲ್ಲವನಾಗಿದ್ದ. ಮಂತ್ರಿಗೂ ಟ್ಯಾಕ್ಸಿಯ ಪ್ರಯಾಣಿಕನಿಗೂ ಅದು ಸಮಾನವಾಗಿ ಸಲ್ಲುತ್ತಿತ್ತು. ಆದರೆ ಸ್ಪರ್ಧೆ ವಿರಳವಾಗಿದ್ದ ಕಾಲದಲ್ಲಿ ಅದರ ಮೂಲರೂಪ ಅರ್ಧ ಶತಮಾನ ಕಳೆದರೂ ಹೆಚ್ಚೇನೂ ಬದಲಾಗಲಿಲ್ಲವೆಂಬುದೂ ನಿರ್ವಿವಾದ.

ಮಾರುತಿ ಸಂಸ್ಥೆಯ ಸ್ವಿಫ್ಟ್ 2005ರಲ್ಲಿ ಭಾರತಕ್ಕೆ ಬಂದಿತು. ಗಿಡ್ಡ ಮೈಕಟ್ಟು, ಮುಂಗಾಲಿಯಿಂದಲೇ ಎಳೆಯುವ ಎಂಜಿನ್, ತಿರುವುಗಳಲ್ಲಿ ಓಟಗಾರನ ಚುರುಕು. ಹಳೆಯ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ ಸುಮಾರು 50 ಅಶ್ವಶಕ್ತಿ ನೀಡುತ್ತಿದ್ದರೆ, ಸ್ವಿಫ್ಟಿನ ಮೊದಲ 1.3 ಲೀಟರ್ ಎಂಜಿನ್ 85ಕ್ಕೂ ಮಿಗಿಲಾದ ಅಶ್ವಶಕ್ತಿ ಪಡೆದಿತ್ತು. ಯುವಕರು ಮಾರುಹೋದುದು ಆಶ್ಚರ್ಯವಲ್ಲ.

ಅಂಬಾಸಿಡರಿನ ತಯಾರಿಕೆ ನಿಂತ 2014ರಲ್ಲಿಯೇ, ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಏರ್‌ಬ್ಯಾಗ್ ಇಲ್ಲದ ಸ್ವಿಫ್ಟನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ವಯಸ್ಕರ ರಕ್ಷಣೆಯಲ್ಲಿ ಅದಕ್ಕೆ ದೊರೆತ ತಾರೆಗಳು ಸೊನ್ನೆ. ಹೊಸತೆಂಬ ಹೆಸರು ಪ್ರಾಣ ಕಾಯಲಾರದು. ಹಾಗೆಂದು ಅಂಬಾಸಿಡರಿನ ದಪ್ಪ ತಗಡೇ ಕಾಯುತ್ತದೆಂಬ ನಂಬಿಕೆಯೂ ಭ್ರಮೆಯೇ. ಕಾರಿನ ಮುಂಭಾಗ ಕುಸಿದು ಆಘಾತವನ್ನು ಹೀರಿಕೊಳ್ಳಬೇಕು. ಜನ ಕುಳಿತ ಕೋಣೆ ಮಾತ್ರ ಅಲುಗದೆ ನಿಲ್ಲಬೇಕು. ಮುಂಭಾಗ ಬಾಗದಿದ್ದರೆ ಆ ಪೆಟ್ಟು ಒಳಗಿನವರ ಎದೆಗೇ ಬೀಳುತ್ತದೆ.

ಪರೀಕ್ಷೆಯ ಫಲ ವ್ಯರ್ಥವಾಗಲಿಲ್ಲ. 2018ರಲ್ಲಿ ಎರಡು ಏರ್‌ಬ್ಯಾಗ್‌ಗಳಿದ್ದ ಸ್ವಿಫ್ಟ್ ಎರಡು ತಾರೆ ಪಡೆಯಿತು. 2019ರ ಜುಲೈನಿಂದ ಹೊಸ ಕಾರುಗಳೆಲ್ಲಕ್ಕೂ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಸುಧಾರಣೆ ಹುಟ್ಟಿದುದು ಹೊಗಳಿಕೆಯಿಂದಲ್ಲ, ಕಠಿಣವಾದ ಪ್ರಶ್ನೆಯಿಂದ.

ಆದುದರಿಂದ ಅಂಬಾಸಿಡರಿನಿಂದ ತಾಳಿಕೆಯನ್ನೂ ಸರಳತೆಯನ್ನೂ, ಸ್ವಿಫ್ಟಿನಿಂದ ಚುರುಕನ್ನೂ ಮೆಚ್ಚಬಹುದು. ಆದರೆ ಕೊಳ್ಳುವವನು ಮೊದಲು ಕೇಳಬೇಕಾದುದು ಅದು ಎಷ್ಟು ಅಂದ, ಎಷ್ಟು ವೇಗ ಎಂದಲ್ಲ. ಹೊರಟವರನ್ನು ಮನೆಗೆ ಮರಳಿ ತರುವುದೇ ಎಂದು. ವಾಹನದ ಕುಲವನ್ನಾಗಲಿ ವಯಸ್ಸನ್ನಾಗಲಿ ಕೇಳದ ಒರೆಗಲ್ಲು ಅದು.