ನುಂಗುವ ಕಣ್ಣು

ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಆರಂಭವಾದದ್ದು 1868ರಲ್ಲಿ. ಅದೇ ವರ್ಷ ಜರ್ಮನಿಯ ಫ್ರೈಬರ್ಗಿನಲ್ಲಿ ಕುಸ್‌ಮೌಲ್ ಎಂಬ ವೈದ್ಯ, ಕತ್ತಿ ನುಂಗುವ ಆಟಗಾರನೊಬ್ಬನ ಗಂಟಲಿನಲ್ಲಿ ನೆಟ್ಟನೆಯ ಕೊಳವೆಯನ್ನಿಳಿಸಿ ಜಠರವನ್ನು ಇಣಿಕಿ ನೋಡಲು ಯತ್ನಿಸಿದ. ಅಂದಿನಿಂದ ವೈದ್ಯಶಾಸ್ತ್ರ ರೋಗಿಯಿಂದ ಬಯಸಿದ್ದು ಆ ಆಟಗಾರನ ಸಹನೆಯನ್ನೇ. 1957ರಲ್ಲಿ ಹಿರ್ಷೋವಿಟ್ಸ್, ಗಾಜಿನೆಳೆಗಳಿಂದಾದ ಬಾಗುವ ಕೊಳವೆಯನ್ನು ಮೊದಲು ತಾನೇ ನುಂಗಿ ಪರೀಕ್ಷಿಸಿದ. ಕೊಳವೆ ಮೆತ್ತಗಾಯಿತು, ಜನರ ಅಂಜಿಕೆ ಮಾತ್ರ ಹೋಗಲಿಲ್ಲ.

ಹಲಸೂರಿನಲ್ಲಿ ನಮ್ಮ ನೆರೆಯ ತರಕಾರಿ ವ್ಯಾಪಾರಿಯೊಬ್ಬರು, "ಎದೆಯುರಿ ತಡೆದುಕೊಂಡೇನು ಸ್ವಾಮಿ, ಆ ಪೈಪು ಮಾತ್ರ ಬೇಡ" ಎನ್ನುತ್ತಿದ್ದರು. ಮಂಪರು ಬರಿಸಿ ಮಾಡುವುದುಂಟೆಂದರೆ, ಜೊತೆಗೆ ಒಬ್ಬರು ಬೇಕು, ದಿನದ ವ್ಯಾಪಾರ ಹೋಗುತ್ತದೆ ಎಂಬ ಚಿಂತೆ. ಅನ್ನವೇ ಇಳಿಯದಾದಾಗ ಒಪ್ಪಿದರು. ಆಗ ಕಾಲ ಮಿಂಚಿತ್ತು.

ಇಂಥವರಿಗಾಗಿಯೇ ಗುಳಿಗೆಯ ಕ್ಯಾಮೆರಾ ಬಂತೆಂದು ಹಲವರ ಎಣಿಕೆ. ಇಸ್ರೇಲಿನ ಎಂಜಿನಿಯರ್ ಗವ್ರಿಯೆಲ್ ಇದ್ದಾನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಪಡಿಸಿದ ಆ ಸಾಧನ 11 ಮಿ.ಮೀ. ದಪ್ಪ, 26 ಮಿ.ಮೀ. ಉದ್ದ. ಆದರೆ ಅದರ ನಿಜವಾದ ಕ್ಷೇತ್ರ ಸಣ್ಣಕರುಳು. ಅನ್ನನಾಳವನ್ನು ಅದು ಕ್ಷಣಾರ್ಧದಲ್ಲೆಂಬಂತೆ ದಾಟಿಬಿಡುತ್ತದೆ. ವಿಶಾಲವಾದ ಜಠರದಲ್ಲಿ ಹೊರಳಾಡುತ್ತ, ಕಂಡದ್ದನ್ನು ಕಂಡಷ್ಟೇ ಚಿತ್ರಿಸುತ್ತದೆ.

ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಟಿಯರ್ನಿ ಮತ್ತು ಸಂಗಡಿಗರು 2013ರಲ್ಲಿ ಬೇರೆ ದಾರಿ ತೋರಿದರು. ಗುಳಿಗೆಗೆ ತೆಳುವಾದ ದಾರದಂಥ ತಂತು. ರೋಗಿ ಎಚ್ಚರವಿದ್ದೇ ನುಂಗುತ್ತಾನೆ. ಒಳಗೆ ತಿರುಗುವ ಬೆಳಕಿನ ಕಿರಣ ಅನ್ನನಾಳದ ಗೋಡೆಯ ಪದರಗಳನ್ನು ಚಿತ್ರಿಸುತ್ತದೆ. ಸುಮಾರು 6 ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಗುಳಿಗೆಯನ್ನು ಹೊರಗೆಳೆದು, ಶುದ್ಧಿಗೊಳಿಸಿ, ಮತ್ತೆ ಬಳಸಬಹುದು.

ನನ್ನ ಒಲವು ಈ ಎರಡನೆಯದರ ಕಡೆಗೆ. ಒಮ್ಮೆ ನುಂಗಿ ಕಳೆಯುವ ಕ್ಯಾಮೆರಾ ಉಳ್ಳವರ ಸೌಕರ್ಯವಾದೀತು; ಮರಳಿ ಬಳಸುವಂಥದು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವನಿಗೂ ದಕ್ಕೀತು. ಹಾಗೆಂದು ಕೊಳವೆಯ ಕಾಲ ಮುಗಿಯಿತೆನ್ನುವುದು ಸಲ್ಲದು. ಗುಳಿಗೆ ನೋಡಬಲ್ಲದು, ಸಂದೇಹದ ಜಾಗದಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕೊಡಲಾರದು, ಸುರಿಯುವ ರಕ್ತವನ್ನು ತಡೆಯಲಾರದು. ಅದು ಜರಡಿ: ಕೊಳವೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಬೇರ್ಪಡಿಸಿದರೆ ಅದರ ಕೆಲಸ ಮುಗಿಯಿತು. ಈ ಮಿತಿಯನ್ನು ರೋಗಿಗೆ ಮೊದಲೇ ತಿಳಿಸುವುದು ವೈದ್ಯರ ಕರ್ತವ್ಯ.

ಇಷ್ಟಾದರೂ ಆ ಜರಡಿ ಅಲ್ಪವಲ್ಲ. ಅಂಜಿಕೆಯನ್ನು ಅಜ್ಞಾನವೆಂದು ಜರೆಯುವುದು ಸುಲಭ. ಅಂಜಿದವನೂ ಹೊತ್ತಿಗೆ ಮುಂಚೆ ಬಾಗಿಲಿಗೆ ಬರುವಂತೆ ಮಾಡುವ ವಿದ್ಯೆಯೇ ನಮಗೀಗ ಬೇಕಾದದ್ದು.