ಚರ್ಚಾ ಸ್ಪರ್ಧೆ ಸಾಕು, ಹುಡುಗರನ್ನು ಹತ್ತಿ ಹೊಲಕ್ಕೆ ಕರಕೊಂಡು ಹೋಗಿ

ಕಾಲೇಜುಗಳ ಚರ್ಚಾ ಸ್ಪರ್ಧೆಗೆ ಈಗ ಒಂದು ವಿಷಯ ಕಾಯಂ ಆಗಿಬಿಟ್ಟಿದೆ: 'ಸುಸ್ಥಿರ ಕೃಷಿಗೆ ಜೈವಿಕ ತಂತ್ರಜ್ಞಾನ ಬೇಕೆ, ಬೇಡವೆ?' ಪರ ನಿಂತ ಹುಡುಗ 'ಜನಸಂಖ್ಯೆ ಬೆಳೀತಾ ಇದೆ, ಹೊಟ್ಟೆ ತುಂಬಬೇಕು' ಎನ್ನುತ್ತಾನೆ. ವಿರೋಧಕ್ಕೆ ನಿಂತ ಹುಡುಗಿ 'ವಿದೇಶಿ ಕಂಪನಿ, ವಿಷ' ಎನ್ನುತ್ತಾಳೆ. ಮುಖ್ಯ ಅತಿಥಿ ಮಹಾಶಯರು ಇಬ್ಬರಿಗೂ ಒಂದೊಂದು ಸ್ಟೀಲ್ ಲೋಟ ಕೊಟ್ಟು ಊಟಕ್ಕೆ ಏಳುತ್ತಾರೆ.

ಅದೇ ಹುಡುಗರು ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಊರ ಬಸ್ಸು ಕಾಯುವಾಗ ಕೇಳಿ ನೋಡ್ರಿ. 'ಬಿ.ಟಿ. ಬದನಿಕಾಯಿ ಬಂದ್ರ ತಿಂತೀಯೇನಪಾ?' ಎಂದರೆ 'ಛೇ, ಬ್ಯಾಡ್ರಿ ಸರ.' 'ಹೊಲಕ್ಕ ಏನ್ ಹಾಕೀರಿ?' ಎಂದರೆ 'ಬಿ.ಟಿ. ಹತ್ತಿ ರೀ.' ನಗಬೇಡಿ, ಅವರ ಮಾತಿನಲ್ಲೂ ಒಂದು ಲೆಕ್ಕವಿದೆ. ಹತ್ತಿ ಉಡುವುದು, ಬದನೆ ಉಣ್ಣುವುದು. ಆದರೆ ಅದೇ ಹತ್ತಿಕಾಳು ಎಮ್ಮೆಯ ಬಾಯಿಗೆ ಹೋಗುತ್ತದಲ್ಲ, ಅದರ ಎಣ್ಣೆ ತೆಗೆಯುತ್ತಾರಲ್ಲ ಎಂದರೆ ತಲೆ ಕೆರೆದುಕೊಳ್ಳುತ್ತಾರೆ.

ತಪ್ಪು ಹುಡುಗರದ್ದಲ್ಲ. ಪ್ರಶ್ನೆಯೇ ಮೊಂಡು. ಸಂತೆಯಲ್ಲಿ ಮಾರುವ ಜಿ-9 ಬಾಳೆ ಟಿಶ್ಯೂ ಕಲ್ಚರಿನ ಸಸಿಯದು. ಶೇಂಗಾ ಬೀಜಕ್ಕೆ ಹಚ್ಚುವ ರೈಜೋಬಿಯಂ, ಬೇರು ಕೊಳೆಗೆ ಹಾಕುವ ಟ್ರೈಕೋಡರ್ಮ, ಇವೂ ಜೈವಿಕ ತಂತ್ರಜ್ಞಾನದ ಪೈಕಿಯೇ. ಇದಕ್ಕೆಲ್ಲ ಯಾರೂ ಬೇಡ ಅಂದಿಲ್ಲ. ಬಿ.ಟಿ. ಎಂಬುದು ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ. ಅದನ್ನು ನೀರಿಗೆ ಕಲಸಿ ಹೊಡೆದರೆ ಸಾವಯವದವರೂ ಒಪ್ಪುತ್ತಾರೆ. ಅದರ ಜೀನನ್ನು ಬೀಜದೊಳಗೆ ಸೇರಿಸಿದಾಗ ಜಗಳ ಶುರುವಾಯಿತು.

ಆ ಜಗಳದಲ್ಲಿ ನಮ್ಮ ರಾಜ್ಯದ್ದೇ ದೊಡ್ಡ ಪಾಲು. 1998ರ ನವೆಂಬರಿನಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಕಡೆ ಪ್ರಯೋಗದ ಹತ್ತಿಗೆ ಬೆಂಕಿ ಇಟ್ಟಿತು. 2002ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಅದೇ ಹತ್ತಿಗೆ ಅನುಮತಿ ಕೊಟ್ಟಿತು. ಬದನೆಯ ಕಥೆ ಬೇರೆ. ಅದರ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೈಜೋಡಿಸಿತ್ತು. ಮಂತ್ರಿ ಜೈರಾಮ್ ರಮೇಶ್ ಬೆಂಗಳೂರು ಸೇರಿ ಏಳು ಊರುಗಳಲ್ಲಿ ಜನರ ಬೈಗುಳ, ಬೆಂಬಲ ಎರಡೂ ಕೇಳಿಸಿಕೊಂಡು 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಈಗಿನ ಪಿ.ಯು. ಹುಡುಗರು ಆಗ ತೊಟ್ಟಿಲ ಕೂಸುಗಳು.

ಇನ್ನು ಹತ್ತಿಗೆ ಏನಾಯಿತು? ಮೊದಮೊದಲು ಹಸಿರು ಕಾಯಿಕೊರಕ ಬಗ್ಗಿತು, ಔಷಧಿ ಹೊಡೆಯುವುದು ಇಳಿಯಿತು. ಇದು ನಿಜ, ವಿರೋಧಿಗಳೂ ಒಪ್ಪಬೇಕು. ಆದರೆ 450 ಗ್ರಾಂ ಬೀಜದ ಪಾಕೀಟಿನ ಜತೆ 120 ಗ್ರಾಮಿನ ಇನ್ನೊಂದು ಸಣ್ಣ ಪಾಕೀಟು ಬರುತ್ತಿತ್ತು, ನೆನಪಿದೆಯೆ? ಅದು ಬಿ.ಟಿ. ಇಲ್ಲದ ಬೀಜ. ಹೊಲದ ಸುತ್ತ ಅದನ್ನು ಹಾಕಬೇಕು. ಅಲ್ಲಿ ಬೆಳೆದ ಸಾದಾ ಹುಳು, ವಿಷ ಅರಗಿಸಿಕೊಂಡ ಹುಳುವಿನ ಜತೆ ಕೂಡಿದರೆ ಹುಟ್ಟುವ ಮರಿಗೆ ಆ ತಾಕತ್ತು ಇರುವುದಿಲ್ಲ. ಲೆಕ್ಕ ಇಷ್ಟೇ. ನಮ್ಮವರು 'ಹುಳಕ್ಕ ಯಾಕ ಹೊಲ ಬಿಡೂದು' ಅಂತ ಅದನ್ನು ತಿಪ್ಪೆಗೆ ಎಸೆದರು. ಅಂಗಡಿಯವರೂ ಬಿಡಿಸಿ ಹೇಳಲಿಲ್ಲ, ಕಂಪನಿಯೂ ಹೇಳಲಿಲ್ಲ. 2010ರ ಹೊತ್ತಿಗೆ ಗುಜರಾತದಲ್ಲಿ ಗುಲಾಬಿ ಕಾಯಿಕೊರಕ ಒಂದು ಜೀನಿನ ಹತ್ತಿಯನ್ನು ಅರಗಿಸಿಕೊಂಡಿತು. 2006ರಲ್ಲಿ ಬಂದಿದ್ದ ಎರಡು ಜೀನಿನದನ್ನೂ ಮುಂದೆ ಬಿಡಲಿಲ್ಲ. ಈಗ ಬೀಜದ ದುಡ್ಡೂ ಹೋಗ್ತದೆ, ಔಷಧಿ ದುಡ್ಡೂ ಹೋಗ್ತದೆ.

ಸೆಕೆಂಡ್ ಪಿ.ಯು. ಹುಡುಗ ಜೀನಿನ ಹೆಸರು ಕೇಳಿದರೆ 'ಕ್ರೈ ಒನ್ ಎ.ಸಿ.' ಎಂದು ಗಡಗಡ ಹೇಳುತ್ತಾನೆ, ಮಾರ್ಕ್ಸೂ ಬೀಳುತ್ತದೆ. ಅವರಪ್ಪ ಎಸೆದ ಪಾಕೀಟಿನ ಬಗ್ಗೆ ಕೇಳಿದರೆ ಗೊತ್ತಿಲ್ಲ. ಹೈಬ್ರಿಡ್ ಬಿ.ಟಿ. ಹತ್ತಿಯ ಬೀಜ ಕಟ್ಟಿಟ್ಟು ಮತ್ತೆ ಬಿತ್ತಿದರೆ ಬೆಳೆ ಏಕರೂಪ ಬರುವುದಿಲ್ಲ, ವರ್ಷ ವರ್ಷ ಕೊಳ್ಳಲೇಬೇಕು. ಬಾಂಗ್ಲಾದೇಶ 2013ರಲ್ಲಿ ಒಪ್ಪಿದ ಬಿ.ಟಿ. ಬದನೆ ಹೈಬ್ರಿಡ್ ಅಲ್ಲ, ರೈತ ತನ್ನ ಬೀಜ ತಾನೇ ಇಟ್ಟುಕೊಳ್ಳಬಹುದು. ವಿದ್ಯೆ ಒಂದೇ, ವ್ಯಾಪಾರ ಬೇರೆ. ಚರ್ಚೆ ಆಗಬೇಕಾದದ್ದು ಇಲ್ಲಿ. ಹೊರಗಿನ ಜೀನ್ ಸೇರಿಸದೆ ಇದ್ದ ಜೀನನ್ನೇ ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರ 2025ರ ಮೇ ತಿಂಗಳಲ್ಲಿ ಪ್ರಕಟಿಸಿದೆ. ನಾಳೆ ಆ ಬೀಜ ಬಂದಾಗ ಅಪ್ಪ ಕೇಳುವುದು ಓದಿದ ಮಗನನ್ನೇ.

ಪ್ರಿನ್ಸಿಪಾಲರಿಗೆ ನಮ್ಮ ವಿನಂತಿ ಇಷ್ಟೇ. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಹತ್ತಿ ಕಾಯಿ ಕಟ್ಟಿದ ಮೇಲೆ ಒಂದು ದಿನ ಹುಡುಗರನ್ನು ಆ ಕಡೆ ಕರಕೊಂಡು ಹೋಗಿ. ನಾಲ್ಕು ಕಾಯಿ ಒಡೆದು ಹುಳು ನೋಡಲಿ, ಬಲ್ಲವರನ್ನು ಕೇಳಲಿ. ಹುಡುಗಿಯರಿಗೆ 2023ರಿಂದ ಬಸ್ಸು ಹೇಗೂ ಪುಕ್ಕಟೆ. ಹುಡುಗರ ಟಿಕೀಟಿನ ದುಡ್ಡು ಕಾಲೇಜು ಕೊಡಲಿ.